ದೊಡ್ಡ ಟೈರು, ಸಣ್ಣ ಪಿನಿಯನ್

ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯ ತೋಟದ ಜೀಪುಗಳೇ ನನ್ನ ಗ್ಯಾರೇಜಿಗೆ ಅನ್ನ. ಈಚೆಗೆ ವಾರದ ಕೊನೆಗೆ ಬೆಂಗಳೂರಿನಿಂದ ಬರುವ ಥಾರ್‌ಗಳೂ ಸೇರಿಕೊಂಡಿವೆ. ಈ ಎರಡೂ ಬಗೆಯ ಗಿರಾಕಿಗಳ ದೂರು ಒಂದೇ: "ಟೈರು ಬದಲಾಯಿಸಿದ ಮೇಲೆ ಗಾಡಿ ಎಳೀತಿಲ್ಲ." ಇಲ್ಲಿಗೆ ಬರುವ ಹೊತ್ತಿಗೆ ಇಂಜೆಕ್ಟರ್ ಕ್ಲೀನ್ ಆಗಿರುತ್ತದೆ, ಡೀಸೆಲ್ ಫಿಲ್ಟರ್ ಹೊಸದಾಗಿರುತ್ತದೆ, ಕ್ಲಚ್ ಪ್ಲೇಟಿನ ಮೇಲೆ ಅನುಮಾನ ಹುಟ್ಟಿರುತ್ತದೆ. ಎಂಜಿನ್ನಿಗೆ ಮಾತ್ರ ಏನೂ ಆಗಿರುವುದಿಲ್ಲ. ಅದು ಮೊದಲಿನಷ್ಟೇ ದುಡಿಯುತ್ತಿರುತ್ತದೆ, ತಪ್ಪಾದ ಆರ್‌ಪಿಎಂನಲ್ಲಿ. ಒಂದು ಕಾಗದ, ಒಂದು ಪೆನ್ನು, ಐದು ನಿಮಿಷ ಇದ್ದರೆ ಟೈರು ಕೊಳ್ಳುವ ಮೊದಲೇ ಇದು ಗೊತ್ತಾಗುತ್ತಿತ್ತು. ಆ ಲೆಕ್ಕವನ್ನೂ ಅದರ ಬಾಲಕ್ಕೆ ಕಟ್ಟಿಕೊಂಡು ಬರುವ ಉಳಿದ ತರಲೆಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

1. ಟೈರೂ ಒಂದು ಗೇರೇ

ಎಂಜಿನ್ನಿನ ತಿರುಗಾಟ ರಸ್ತೆಗೆ ಮುಟ್ಟುವ ಮೊದಲು ಎರಡು ಮೂರು ಕಡೆ ನಿಧಾನವಾಗುತ್ತದೆ. ಮೊದಲು ಗೇರ್‌ಬಾಕ್ಸ್, ಫೋರ್ ವೀಲ್ ಗಾಡಿಯಾದರೆ ಆಮೇಲೆ ಟ್ರಾನ್ಸ್‌ಫರ್ ಕೇಸ್, ಕೊನೆಗೆ ಆಕ್ಸಿಲ್ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್. ಇಷ್ಟನ್ನು ಎಲ್ಲರೂ ಗೇರು ಅನ್ನುತ್ತಾರೆ. ಟೈರನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಒಂದು ಸುತ್ತಿಗೆ ಗಾಡಿ ಎಷ್ಟು ದೂರ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಟೈರಿನ ಸುತ್ತಳತೆ. ಅದು ಹೆಚ್ಚಿದರೆ ಒಂದು ಕಿಲೋಮೀಟರಿಗೆ ಚಕ್ರ ತಿರುಗಬೇಕಾದ ಸುತ್ತು ಕಡಿಮೆಯಾಗುತ್ತದೆ, ಎಂಜಿನ್ನಿನ ಸುತ್ತೂ ಅಷ್ಟೇ ಪಾಲು ಇಳಿಯುತ್ತದೆ. ಇಳಿಯುವುದು ಒಂದು ಗೇರಿನಲ್ಲಲ್ಲ, ಮೊದಲನೆಯದರಿಂದ ಹಿಡಿದು ರಿವರ್ಸ್‌ವರೆಗೆ ಎಲ್ಲದರಲ್ಲೂ.

ಲೆಕ್ಕ ಇಷ್ಟೇ. ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವುದನ್ನು 1000ದಿಂದ ಗುಣಿಸಿ 60ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಅದನ್ನು ಟೈರಿನ ಸುತ್ತಳತೆಯಿಂದ ಭಾಗಿಸಿ: ಅದು ಚಕ್ರದ ಸುತ್ತು. ಅದಕ್ಕೆ ಕ್ರೌನ್ ಅನುಪಾತ, ಟ್ರಾನ್ಸ್‌ಫರ್ ಕೇಸಿನ ಅನುಪಾತ, ಹಾಕಿರುವ ಗೇರಿನ ಅನುಪಾತ ಇಷ್ಟನ್ನೂ ಗುಣಿಸಿ: ಅದು ಎಂಜಿನ್ನಿನ ಆರ್‌ಪಿಎಂ. ಹಳೆಯ ಜೀಪಿನ ಟಾಪ್ ಗೇರ್ ನೇರ, ಅಂದರೆ 1. ಟ್ರಾನ್ಸ್‌ಫರ್ ಕೇಸೂ ಹೈನಲ್ಲಿ 1. ಹಾಗಾಗಿ ಅಲ್ಲಿ ಟೈರು, ಕ್ರೌನ್ ಎರಡೇ ಉಳಿಯುತ್ತವೆ. ಜಿಪ್ಸಿಯವರು ಮಾತ್ರ ಎಚ್ಚರ: ಅದರ ಟ್ರಾನ್ಸ್‌ಫರ್ ಕೇಸ್ ಹೈ ಇಟ್ಟಾಗಲೂ ಸುಮಾರು 1.4 ಪಟ್ಟು ಇಳಿಸುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕಿ "ನನ್ನ ಗಾಡಿ ನೂರರಲ್ಲಿ ಇಷ್ಟು ಕಡಿಮೆ ತಿರುಗುತ್ತಾ!" ಅಂತ ಖುಷಿಪಟ್ಟವರನ್ನು ನೋಡಿದ್ದೇನೆ.

2. ಟೈರಿನ ಪಕ್ಕದಲ್ಲಿ ಬರೆದದ್ದು ಒಂದು, ರಸ್ತೆಯ ಮೇಲೆ ಉರುಳುವುದು ಇನ್ನೊಂದು

ಬೊಲೆರೊದ 215/75 ಆರ್15 ಟೈರನ್ನೇ ತೆಗೆದುಕೊಳ್ಳಿ. 215 ಅಂದರೆ ಅಗಲ, ಮಿಲಿಮೀಟರಿನಲ್ಲಿ. ಅದರ ನೂರಕ್ಕೆ 75ರಷ್ಟು ಪಕ್ಕದ ಎತ್ತರ, ಅಂದರೆ 161 ಚಿಲ್ಲರೆ. ಮೇಲೆ ಒಂದು, ಕೆಳಗೆ ಒಂದು ಸೇರಿ 322.5. ನಡುವೆ 15 ಇಂಚಿನ ರಿಮ್, 381. ಒಟ್ಟು 703.5 ಮಿ.ಮೀ. ಎತ್ತರ. ಅದೇ ರಿಮ್ಮಿಗೆ 235/75 ಹಾಕಿದರೆ 733.5. ಅಂಗಡಿಯವರು "ಒಂದು ಸೈಜ್ ದೊಡ್ಡದು ಅಷ್ಟೇ ಸಾರ್" ಅನ್ನುವುದು ಇದನ್ನೇ. ನೂರಕ್ಕೆ 4.3 ಹೆಚ್ಚು. ಹಳೆಯ ಥಾರ್‌ನ 235/70 ಆರ್16 ತೆಗೆದು 245/75 ಆರ್16 ಹಾಕುವುದು ಇನ್ನೊಂದು ಚಾಳಿ. ಅಲ್ಲಿ ಶೇಕಡ 5.2.

ಎತ್ತರವನ್ನು 3.14ರಿಂದ ಗುಣಿಸಿದರೆ ಸುತ್ತಳತೆ ಬರಬೇಕು, ಶಾಲೆಯಲ್ಲಿ ಕಲಿತದ್ದು. ಆದರೆ ಗಾಡಿಯ ಭಾರಕ್ಕೆ ಟೈರು ಅಡಿಯಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೇ ರೇಡಿಯಲ್ ಟೈರಿಗೆ 3.14ರ ಬದಲು 3.05 ಹಿಡಿಯುವುದು ಟೈರು ಉದ್ಯಮದ ರೂಢಿ. ನನಗೆ ಇದಕ್ಕಿಂತಲೂ ಸೀಮೆಸುಣ್ಣದ ಮೇಲೆ ನಂಬಿಕೆ ಜಾಸ್ತಿ. ಟೈರಿಗೆ ಗಾಳಿ ಸರಿಯಾಗಿ ತುಂಬಿ, ಮಟ್ಟಸ ನೆಲದಲ್ಲಿ ನಿಲ್ಲಿಸಿ, ಟೈರು ನೆಲ ಮುಟ್ಟುವ ಕಡೆ ಟೈರಿಗೂ ನೆಲಕ್ಕೂ ಒಂದು ಗೀಟು ಎಳೆಯಿರಿ. ಒಬ್ಬರು ಸ್ಟಿಯರಿಂಗ್ ನೇರ ಹಿಡಿದು ಕೂತಿರಲಿ, ಇಬ್ಬರು ತಳ್ಳಲಿ. ಟೈರಿನ ಗೀಟು ಮತ್ತೆ ನೆಲಕ್ಕೆ ಬಂದ ಕಡೆ ಇನ್ನೊಂದು ಗೀಟು. ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. ನೀವು ಗಾಡಿ ಓಡಿಸುವುದು ಆ ಅಳತೆಯ ಮೇಲೆ.

ಸವೆತವೂ ಲೆಕ್ಕಕ್ಕೆ ಬರುತ್ತದೆ. ಹೊಸ ಟೈರಿನ 8 ಮಿ.ಮೀ. ಬಟನ್ ಸವೆದು ಕಾನೂನಿನ ಮಿತಿಯಾದ 1.6ಕ್ಕೆ ಬಂದರೆ ಎತ್ತರದಲ್ಲಿ ಸುಮಾರು 13 ಮಿ.ಮೀ. ಹೋಯಿತು. ಬೊಲೆರೊ ಟೈರಿನಲ್ಲಿ ಅದು ನೂರಕ್ಕೆ ಹತ್ತಿರ ಹತ್ತಿರ 2. ಸವೆದು ಬೋಳಾದ ಟೈರು ತೆಗೆದು ಹೊಸ ದೊಡ್ಡ ಟೈರು ಹಾಕಿದವರು ಒಂದೇ ದಿನದಲ್ಲಿ ಶೇಕಡ 6ರ ವ್ಯತ್ಯಾಸ ಕಾಣುವುದು ಹೀಗೆ.

3. ಹೌಸಿಂಗ್ ಬಿಚ್ಚದೆ ಕ್ರೌನ್ ಯಾವುದು ಅಂತ ಹೇಳಬಹುದು

ಹಳೆಯ ಜೀಪಿನಲ್ಲಿ ಯಾವ ಕ್ರೌನ್ ಇದೆ ಅನ್ನುವುದನ್ನು ಆರ್‌ಸಿ ಪುಸ್ತಕ ಹೇಳುವುದಿಲ್ಲ, ಮಾರಿದವರೂ ಹೇಳುವುದಿಲ್ಲ. ಆ ಗಾಡಿ ಎಷ್ಟು ಕೈ ದಾಟಿದೆಯೋ ಅಷ್ಟು ಸಲ ಅದರ ಹೊಟ್ಟೆಯೊಳಗೆ ಕೈಯಾಡಿರುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಎರಡು: ಕ್ರೌನ್ 39 ಹಲ್ಲು, ಪಿನಿಯನ್ 8 ಹಲ್ಲು, ಅಂದರೆ 4.88, ಕ್ರೌನ್ 43, ಪಿನಿಯನ್ 8, ಅಂದರೆ 5.38. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 4.88. ಯುದ್ಧ ಮುಗಿದು 1945ರಲ್ಲಿ ಅದೇ ಕಂಪನಿ ರೈತರಿಗೆ, ಕೆಲಸಗಾರರಿಗೆ ಅಂತ ಸಿಜೆ-2ಎ ಬಿಟ್ಟಾಗ 5.38 ಹಾಕಿತು. ನೇಗಿಲು ಎಳೆಯುವವನಿಗೆ ಸ್ಪೀಡ್ ಬೇಡ, ಎಳೆತ ಬೇಕು. ಈ ಎರಡು ಸಂಖ್ಯೆಗಳ ನಡುವಿನ ಜಗಳ ಅವತ್ತಿನಿಂದಲೂ ಮುಗಿದಿಲ್ಲ.

ಪತ್ತೆ ಮಾಡುವ ಬಗೆ ಹೀಗೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಗೇರು ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಬಿಡಿ; ಹಳೆಯ ಜೀಪುಗಳಲ್ಲಿ ಅದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ, ಬಿಡದಿದ್ದರೆ ಶಾಫ್ಟ್ ಅಲ್ಲಾಡುವುದಿಲ್ಲ. ಶಾಫ್ಟಿಗೂ ಹೌಸಿಂಗಿಗೂ ಒಂದೊಂದು ಸುಣ್ಣದ ಗುರುತು. ಈಗ ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಒಂದು ಚಕ್ರ ನಿಂತಿರುವಾಗ ಡಿಫರೆನ್ಷಿಯಲ್ ಇನ್ನೊಂದನ್ನು ಎರಡು ಪಟ್ಟು ತಿರುಗಿಸುತ್ತದೆ. ಹಾಗಾಗಿ ಚಕ್ರ ಎರಡು ಸುತ್ತು ಬಂದರೆ ಕ್ರೌನ್ ಬಂದದ್ದು ಒಂದೇ ಸುತ್ತು. ಒಂದು ಸುತ್ತಿನಲ್ಲಿ ಎಣಿಸಿದರೆ ಕಣ್ಣು ಮೋಸ ಮಾಡುತ್ತದೆ. ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ, ಒಬ್ಬ ಹುಡುಗ ಗಾಡಿ ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಲಿ. ನಲವತ್ತೆಂಟು ಮುಕ್ಕಾಲು ಬಂದರೆ 4.88. ಐವತ್ತಮೂರು ಮುಕ್ಕಾಲು ಬಂದರೆ 5.38. ಐದು ಸುತ್ತಿನ ವ್ಯತ್ಯಾಸ ಎಂಥ ಹುಡುಗನ ಎಣಿಕೆಗೂ ಸಿಗುತ್ತದೆ.

39, 43 ಅಂತ ಬೆಸ ಸಂಖ್ಯೆ ಯಾಕೆ ಅಂತ ಹುಡುಗರು ಕೇಳುತ್ತಾರೆ. 40ಕ್ಕೆ 8 ಇಟ್ಟರೆ ಪಿನಿಯನ್ನಿನ ಒಂದು ಹಲ್ಲು ಪ್ರತಿ ಸುತ್ತಿನಲ್ಲೂ ಕ್ರೌನಿನ ಅದೇ ಐದು ಹಲ್ಲಿಗೆ ಹೊಡೆಯುತ್ತದೆ. ಒಂದು ಹಲ್ಲಿನಲ್ಲಿ ಪಿಸುರಿದ್ದರೆ ಆ ಐದನ್ನೇ ತಿನ್ನುತ್ತಾ ಹೋಗುತ್ತದೆ. 39ಕ್ಕೂ 8ಕ್ಕೂ ಸಾಮಾನ್ಯ ಭಾಜಕ ಇಲ್ಲ, ಎಲ್ಲ ಹಲ್ಲಿಗೂ ಎಲ್ಲ ಹಲ್ಲಿನ ಸರದಿ ಬರುತ್ತದೆ, ಸವೆತ ಹಂಚಿಹೋಗುತ್ತದೆ.

4. ಟೈರು ಕೊಳ್ಳುವ ಮೊದಲು ಈ ಕೋಷ್ಟಕ ಬರೆಯಿರಿ

ನಮ್ಮ ಕಡೆಯ ಒಂದು ಮಾಮೂಲಿ ಜೀಪು. ಸೀಮೆಸುಣ್ಣದ ಅಳತೆಯಲ್ಲಿ ಟೈರು ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 60 ಅಂದರೆ ನಿಮಿಷಕ್ಕೆ 1000 ಮೀಟರ್, ಚಕ್ರ 454 ಸುತ್ತು. ಟಾಪ್ ಗೇರಿನಲ್ಲಿ 4.88 ಕ್ರೌನ್ ಇದ್ದರೆ ಎಂಜಿನ್ 2216. 5.38 ಇದ್ದರೆ 2443. ಅದೇ 80ರಲ್ಲಿ ಕ್ರಮವಾಗಿ 2955 ಮತ್ತು 3257. ಟ್ರ್ಯಾಕ್ಟರ್ ವಂಶದ ಹಳೆಯ ಡಿಐ ಡೀಸೆಲ್ ಎಂಜಿನ್ನಿನ ಉಸಿರು 3200ರ ಆಸುಪಾಸಿನಲ್ಲೇ ಮುಗಿಯುತ್ತದೆ. ಅಂದರೆ 5.38 ಹಾಕಿದ ಗಾಡಿಗೆ 80 ಅನ್ನುವುದೇ ಕೊನೆ. ಹಾಸನದ ಹೈವೇಯಲ್ಲಿ ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ ಅದು ಅಷ್ಟೇ.

ಈಗ ಈ ಜೀಪಿನ ಒಡೆಯರಿಗೆ 31 ಇಂಚಿನ ಟೈರಿನ ಆಸೆ ಬಂತು. 31 ಇಂಚು ಅಂದರೆ 787 ಮಿ.ಮೀ., ಒಂದು ಸುತ್ತಿಗೆ 2.4 ಮೀಟರ್. 60ರಲ್ಲಿ ಚಕ್ರ 417 ಸುತ್ತು. 4.88 ಇದ್ದ ಗಾಡಿಯ ಎಂಜಿನ್ 2216ರಿಂದ 2031ಕ್ಕೆ ಇಳಿಯಿತು. 5.38 ಇದ್ದ ಗಾಡಿಯ ಎಂಜಿನ್ 2443ರಿಂದ 2240ಕ್ಕೆ ಬಂತು.

ಕೊನೆಯ ಸಂಖ್ಯೆ ನೋಡಿ. 2240, ಅಂದರೆ ಸಣ್ಣ ಟೈರು, 4.88 ಕ್ರೌನ್ ಇದ್ದಾಗಿನ 2216ಕ್ಕೆ ಅಂಟಿಕೊಂಡಂತೆ. 31 ಇಂಚಿನ ಟೈರೂ 5.38ರ ಕ್ರೌನೂ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ 5.38 ಇರುವವರು ದೊಡ್ಡ ಟೈರು ಹಾಕಿಕೊಂಡರೆ ಎಳೆತ ಸ್ವಲ್ಪ ಬಿಟ್ಟು ಹೈವೇ ನೆಮ್ಮದಿ ಗಳಿಸುತ್ತಾರೆ. 4.88 ಇರುವವರು ಹಾಕಿದರೆ ಎಳೆತ ಕಳೆದುಕೊಳ್ಳುತ್ತಾರೆ, ಬದಲಿಗೆ ಸಿಗುವುದು ಫೋಟೋ. ಒಂದೇ ಟೈರು, ಒಂದೇ ಅಂಗಡಿ, ಪಕ್ಕದ ತೋಟದವರ ಜೀಪಿಗೆ ಚೆನ್ನಾಗಿದೆ ಅಂತ ಹಾಕಿಸಿಕೊಂಡವರು ನನ್ನ ಹತ್ತಿರ ಬರುವುದು ಈ ಕಾರಣಕ್ಕೆ.

ಗೌಡ್ರೊಬ್ಬರು ಹೀಗೇ ಬಂದಿದ್ದರು. "ನೋಡಯ್ಯ, ಅವ್ರ ಗಾಡಿ ಮೂರನೇ ಗೇರಲ್ಲಿ ಹತ್ತುತ್ತೆ, ನಂದು ಎರಡಕ್ಕೇ ಕೂರುತ್ತೆ, ಪಂಪ್ ನೋಡು." ಪಂಪ್ ಮುಟ್ಟಲಿಲ್ಲ. ಎರಡೂ ಗಾಡಿಯ ಚಕ್ರ ಎತ್ತಿ ಸುತ್ತು ಎಣಿಸಿ ತೋರಿಸಿದೆ. ಅವರದು ನಲವತ್ತೆಂಟು ಮುಕ್ಕಾಲು, ನೆರೆಯವರದು ಐವತ್ತಮೂರು ಮುಕ್ಕಾಲು. ಅವರು ಹೋಗುವಾಗ ಕೇಳಿದ್ದು, "ಹಂಗಾದ್ರೆ ಆ ಕ್ರೌನ್ ಎಲ್ಲಿ ಸಿಗುತ್ತೆ?"

ನನ್ನ ಅಳತೆಗೋಲು ಹೀಗಿದೆ: ಸುತ್ತಳತೆ ನೂರಕ್ಕೆ 3ರೊಳಗೆ ಬದಲಾದರೆ ಮರೆತುಬಿಡಿ. 3ರಿಂದ 6ರವರೆಗೆ ಆದರೆ ಘಟ್ಟದಲ್ಲಿ ಒಂದು ಗೇರು ಕೆಳಗೆ ಓಡಿಸುವ ಅಭ್ಯಾಸ ಮಾಡಿಕೊಳ್ಳಿ. ಅದಕ್ಕಿಂತ ಮೇಲಾದರೆ ಕ್ರೌನಿಗೂ ದುಡ್ಡು ಎತ್ತಿಡಿ, ಇಲ್ಲವಾದರೆ ಟೈರಿನ ಆಸೆ ಬಿಡಿ.

5. ಆರ್‌ಪಿಎಂ ಇಳಿದರೆ ಮೈಲೇಜ್ ಏರಲೇಬೇಕೆಂದಿಲ್ಲ

"ಎಂಜಿನ್ ನಿಧಾನಕ್ಕೆ ತಿರುಗಿದ್ರೆ ಡೀಸೆಲ್ ಕಮ್ಮಿ ಕುಡಿಯುತ್ತೆ ಅಲ್ವಾ ಅಣ್ಣಾ?" ಮಟ್ಟಸ ರಸ್ತೆ, ಒಂದೇ ವೇಗ, ಹಗುರ ಗಾಡಿ ಆದರೆ ಹೌದು, ಒಂದಿಷ್ಟು. ಗಾಡಿಯನ್ನು ಮುಂದಕ್ಕೆ ನೂಕಲು ಬೇಕಾದ ಶಕ್ತಿ ಮಾತ್ರ ಆರ್‌ಪಿಎಂ ನೋಡಿ ಕಡಿಮೆಯಾಗುವುದಿಲ್ಲ. ಗಾಳಿಯ ತಡೆ, ಏರು, ಭಾರ ಎಲ್ಲ ಅಷ್ಟೇ ಇರುತ್ತವೆ. ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ಕೊಡಬೇಕಾದರೆ ಪ್ರತಿ ಹೊಡೆತಕ್ಕೂ ಹೆಚ್ಚು ಡೀಸೆಲ್ ಸುರಿಯಬೇಕು. ಒಂದು ಹಂತ ದಾಟಿದ ಮೇಲೆ ಎಂಜಿನ್ ಗುದ್ದುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ.

ಟರ್ಬೊ ಇರುವ ಗಾಡಿಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡನೇ ಗೇರಿನ ಅನುಪಾತ 2 ಅಂತಿಟ್ಟುಕೊಂಡು ಮೇಲಿನ ಸಂಖ್ಯೆಗಳಲ್ಲೇ ಲೆಕ್ಕ ಹಾಕಿ. ಚಾರ್ಮಾಡಿಯ ತಿರುವಿನಲ್ಲಿ 20ರ ವೇಗಕ್ಕೆ ಬಂದಾಗ ಸಣ್ಣ ಟೈರಿನಲ್ಲಿ ಎಂಜಿನ್ 1477ರಲ್ಲಿರುತ್ತದೆ, 31 ಇಂಚಿನಲ್ಲಿ 1354ರಲ್ಲಿ. ಟರ್ಬೊ ಏಳುವುದು 1500ರ ಆಚೀಚೆ ಅಂದರೆ, ಮೊದಲನೆಯ ಗಾಡಿ ಅದರ ಬಾಗಿಲಲ್ಲೇ ನಿಂತಿದೆ, ಎರಡನೆಯದು ಇನ್ನೂ ದೂರದಲ್ಲಿದೆ. ಕಾಗದದ ಮೇಲೆ ನೋಡಿದರೆ ಬರೀ 120 ಸುತ್ತಿನ ವ್ಯತ್ಯಾಸ. ತಿರುವಿನಲ್ಲಿ ಅದು ಡ್ರೈವರಿನ ಕೈ ಒಂದನೇ ಗೇರಿಗೆ ಹೋಗುವಂತೆ ಮಾಡುತ್ತದೆ. ಹಾಗೆ ಗೇರು ಇಳಿಸಿ ಇಳಿಸಿ ಓಡಿಸಿದ ಮೇಲೆ ಉಳಿತಾಯ ಎಲ್ಲಿಂದ ಬರಬೇಕು?

6. ಮೀಟರು ನಿಮಗೆ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಎಂಜಿನ್ ಬೈಯಬೇಡಿ

ಮೀಟರಿಗೆ ರಸ್ತೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾವುದೋ ಒಂದು ಶಾಫ್ಟ್ ಅಥವಾ ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದಷ್ಟೇ. ಬೊಲೆರೊಗೆ 235/75 ಹಾಕಿದ ಮೇಲೆ ಮೀಟರಿನಲ್ಲಿ 80 ಕಂಡರೆ ಮೊದಲಿಗಿಂತ ಶೇಕಡ 4.3 ವೇಗವಾಗಿ, ಅಂದರೆ ಮೀಟರು ಮೊದಲು ಸರಿಯಾಗಿತ್ತು ಅಂತಿಟ್ಟುಕೊಂಡರೆ 83ರ ಮೇಲೆ ಹೋಗುತ್ತಿದ್ದೀರಿ. ಸಾಮಾನ್ಯವಾಗಿ ಕಂಪನಿಯವರು ಮೀಟರನ್ನು ಮೊದಲೇ ಸ್ವಲ್ಪ ಹೆಚ್ಚು ತೋರಿಸುವಂತೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ, ಹೆಚ್ಚು ತೋರಿಸಬಹುದು. ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ.

ಮೈಲೇಜ್ ಜಗಳವೂ ಇಲ್ಲೇ ಹುಟ್ಟುವುದು. ನಲವತ್ತು ಲೀಟರಿಗೆ ಮೀಟರಿನಲ್ಲಿ 480 ಕಿಲೋಮೀಟರು ಬಂತು, ಲೀಟರಿಗೆ 12 ಅಂತ ಗೊಣಗುತ್ತಾರೆ. ನಿಜವಾಗಿ ಗಾಡಿ ಓಡಿದ್ದು 500. ಲೀಟರಿಗೆ ಹನ್ನೆರಡೂವರೆ. ದೊಡ್ಡ ಟೈರು ಭಾರ, ಅದರ ಒರಟು ಬಟನ್ನಿಗೆ ತಡೆ ಜಾಸ್ತಿ, ಹಾಗಾಗಿ ಒಂದಿಷ್ಟು ಡೀಸೆಲ್ ನಿಜಕ್ಕೂ ಹೆಚ್ಚು ಹೋಗುತ್ತದೆ. ಆದರೆ ದೂರಿನ ಒಂದು ಪಾಲು ಬರೀ ಎಣಿಕೆಯದು. ಫೋನಿನ ಜಿಪಿಎಸ್‌ನಲ್ಲಿ ಒಂದು ನೂರು ಕಿಲೋಮೀಟರು ಓಡಿಸಿ ಮೀಟರಿಗೆ ತಾಳೆ ಹಾಕಿ, ಆಮೇಲೆ ಮಾತಾಡೋಣ.

ಹಳೆಯ ಜೀಪಿನಲ್ಲಿ ಒಂದು ಚೆಂದದ ಸಂಗತಿ ಇದೆ. ಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುತ್ತದೆ, ಅಂದರೆ ಕ್ರೌನಿಗಿಂತ ಮೊದಲೇ. ಟೈರು ಶೇಕಡ 9 ದೊಡ್ಡದಾಗಿ, ಕ್ರೌನೂ 4.88ರಿಂದ 5.38ಕ್ಕೆ ಹೋದರೆ ಕಿಲೋಮೀಟರಿಗೆ ಶಾಫ್ಟಿನ ಸುತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ, ಮೀಟರು ತಾನಾಗಿಯೇ ದಾರಿಗೆ ಬರುತ್ತದೆ. ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಹಾಗಲ್ಲ. ಅಲ್ಲಿ ಎಣಿಕೆ ಚಕ್ರದ ಸೆನ್ಸಾರಿನದು. ಕ್ರೌನ್ ಏನೇ ಹಾಕಿ, ಮೀಟರಿನ ತಪ್ಪು ಹಾಗೇ ಉಳಿಯುತ್ತದೆ. ಅದನ್ನು ಕಂಪ್ಯೂಟರಿನಲ್ಲೇ ಸರಿಪಡಿಸಬೇಕು.

7. ಹತ್ತುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ

ನನಗೆ ಹೆದರಿಕೆ ಇರುವುದು ಇಲ್ಲಿ. ಘಟ್ಟ ಇಳಿಯುವಾಗ ಗಾಡಿಯನ್ನು ಹಿಡಿದಿಡುವುದು ಎಂಜಿನ್. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿನ ತಡೆ ಕ್ರೌನಿನ ಮೂಲಕ ಹಿಗ್ಗಿ ಚಕ್ರಕ್ಕೆ ಬರುತ್ತದೆ. ಟೈರು ದೊಡ್ಡದಾದರೆ ಆ ತಡೆ ರಸ್ತೆಗೆ ಮುಟ್ಟುವ ಹೊತ್ತಿಗೆ ಕಡಿಮೆಯಾಗಿರುತ್ತದೆ. 31 ಇಂಚಿನ ಉದಾಹರಣೆಯಲ್ಲಿ ನೂರಕ್ಕೆ 8ರಷ್ಟು ಕಡಿಮೆ. ಹಾಗಾದಾಗ ಡ್ರೈವರ್ ಬ್ರೇಕಿನ ಮೇಲೆ ಹೆಚ್ಚು ಕಾಲಿಡುತ್ತಾನೆ.

ಬ್ರೇಕಿನ ಕಥೆಯೂ ಅದೇ. ಡ್ರಮ್ಮು, ಡಿಸ್ಕು ಹಳೆಯದೇ. ಅವು ಕೊಡುವ ತಿರುಚು ಬಲ ಅಷ್ಟೇ. ಟೈರಿನ ತ್ರಿಜ್ಯ ಹೆಚ್ಚಿದಷ್ಟೂ ನೆಲದ ಮೇಲಿನ ಹಿಡಿತ ಅದೇ ಪಾಲಿನಲ್ಲಿ ಇಳಿಯುತ್ತದೆ. ಮೇಲಿಂದ ಒಂದೊಂದು ಚಕ್ರದ ಭಾರವೂ ಏರಿದೆ, ತಿರುಗುವ ಆ ಭಾರವನ್ನೂ ನಿಲ್ಲಿಸಬೇಕು. ಎರಡೂ ಒಟ್ಟಿಗೆ ಸೇರುವುದು ಮಳೆಗಾಲದ ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ, ಕಾಫಿ ಮೂಟೆ ಹೇರಿದ ದಿನ. ಕ್ರೌನ್ ಬದಲಾಯಿಸಿದರೆ ಎಂಜಿನ್ನಿನ ತಡೆ ವಾಪಸ್ ಬರುತ್ತದೆ. ಬ್ರೇಕಿನ ನಷ್ಟ ವಾಪಸ್ ಬರುವುದಿಲ್ಲ. ಕ್ರೌನ್ ಹಾಕಿಸಿದ ಮೇಲೆ "ಎಲ್ಲ ಸರಿಹೋಯ್ತು" ಅನ್ನುವವರಿಗೆ ನಾನು ಇದೊಂದನ್ನು ಎರಡು ಸಲ ಹೇಳುತ್ತೇನೆ.

ಕಿಂಗ್‌ಪಿನ್ ಬೇರಿಂಗ್, ಟೈರಾಡ್ ಎಂಡ್, ವೀಲ್ ಬೇರಿಂಗ್ ಎಲ್ಲದಕ್ಕೂ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

8. ಮುಂದೆ ಒಂದು ಕ್ರೌನ್, ಹಿಂದೆ ಒಂದು ಕ್ರೌನ್ ಹಾಕಿದ ಗಾಡಿಯನ್ನು ಫೋರ್ ವೀಲಿಗೆ ಹಾಕಬೇಡಿ

ಹಿಂದಿನ ಹೌಸಿಂಗ್ ಮುರಿದಾಗ ಸಿಕ್ಕಿದ ಹೌಸಿಂಗ್ ತಂದು ಕಟ್ಟಿದ ಜೀಪುಗಳು ಬೇಕಾದಷ್ಟಿವೆ. ಹಿಂದೆ 5.38, ಮುಂದೆ 4.88. ಟು ವೀಲಿನಲ್ಲಿ ಓಡಿಸುವಷ್ಟು ಕಾಲ ಏನೂ ತಿಳಿಯುವುದಿಲ್ಲ. ಕೆಸರಿನಲ್ಲೂ ಟೈರು ಜಾರಿಕೊಂಡು ಹೇಗೋ ನಿಭಾಯಿಸುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿದ ಕೂಡಲೇ ಗಾಡಿ ಜಗ್ಗುತ್ತದೆ, ಲಿವರ್ ಬಿಗಿದುಕೊಂಡು ವಾಪಸ್ ಬರುವುದಿಲ್ಲ, ರಿವರ್ಸ್ ಹೊಡೆದರೆ ಮಾತ್ರ ಬಿಡುತ್ತದೆ. ಎರಡು ಶಾಫ್ಟುಗಳೂ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ಕಟ್ಟಿಹಾಕಿಕೊಂಡಿವೆ, ಚಕ್ರಗಳಿಗೆ ಬೇರೆ ಬೇರೆ ವೇಗ ಬೇಕು. ಆ ಹತ್ತು ಪರ್ಸೆಂಟ್ ಜಗಳ ಯೂನಿವರ್ಸಲ್ ಜಾಯಿಂಟ್ ಮೇಲೆ ಬೀಳುತ್ತದೆ. ಯಾವುದು ದುರ್ಬಲವೋ ಅದು ಹೋಗುತ್ತದೆ.

ಟ್ರ್ಯಾಕ್ಟರಿನಲ್ಲಿ ಮಾತ್ರ ಈ ವ್ಯತ್ಯಾಸವನ್ನು ಬೇಕೆಂದೇ ಇಟ್ಟಿರುತ್ತಾರೆ. ಫೋರ್ ವೀಲ್ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದರಿಂದ ಐದು ಪರ್ಸೆಂಟ್ ಮುಂದೆ ಓಡುವ ಹಾಗೆ, ಗದ್ದೆಯಲ್ಲಿ ಮುಂದಿನ ಚಕ್ರ ಎಳೆಯಬೇಕು, ಹಿಂದಿನದರ ತಳ್ಳುವಿಕೆಗೆ ಅಡ್ಡ ನಿಲ್ಲಬಾರದು ಅಂತ. ಹಿಂದಿನ ಟೈರು ಮಾತ್ರ ಒಂದು ಸೈಜ್ ದೊಡ್ಡದು ಮಾಡಿದವರ ಟ್ರ್ಯಾಕ್ಟರಿನಲ್ಲಿ ಈ ಮುನ್ನಡೆ ಹೋಗಿ ಮುಂದಿನ ಚಕ್ರವೇ ಬ್ರೇಕಾಗಿ ಕೂರುತ್ತದೆ. ಮುಂದಿನದನ್ನೂ ಅದೇ ಪಾಲಿನಲ್ಲಿ ಬದಲಾಯಿಸಿದರೆ ತಕರಾರಿಲ್ಲ.

9. ಕಾರಿನವರು ಕಂಪನಿ ಮಾಡಿದ್ದನ್ನು ನೋಡಿ ಕಲಿಯಲಿ

ಸ್ವಿಫ್ಟ್‌ನ ಕೆಳಗಿನ ಮಾಡೆಲಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಲೆಕ್ಕ ಹಾಕಿ: ಮೊದಲನೆಯದು 619.6 ಮಿ.ಮೀ., ಎರಡನೆಯದು 621.5. ರಿಮ್ ಒಂದು ಇಂಚು ಬೆಳೆದಿದೆ, ಟೈರಿನ ಹೊರಗಿನ ಎತ್ತರ ಎರಡು ಮಿಲಿಮೀಟರ್ ಕೂಡ ಬೆಳೆದಿಲ್ಲ. ಗೇರ್‌ಬಾಕ್ಸ್, ಮೀಟರು, ಎಬಿಎಸ್ ಯಾವುದನ್ನೂ ಮುಟ್ಟದೆ ರಿಮ್ ದೊಡ್ಡದು ಮಾಡುವ ದಾರಿ ಇದೇ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಕ್ರೌನ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಅದನ್ನು ಬದಲಾಯಿಸುವ ಮಾತು ಬೇಡ. ಅಲ್ಲಿ ಟೈರು ತಪ್ಪಿದರೆ ತಪ್ಪಿದ್ದೇ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಟೈರಿನ ಪಕ್ಕದ ಸಂಖ್ಯೆಯನ್ನು.

10. ಗುಜರಿಯಿಂದ ಕ್ರೌನ್ ತರುವುದಾದರೆ ಜೋಡಿಯಾಗಿಯೇ ತನ್ನಿ

ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿಸಿಕೊಂಡು ಬಂದ ಜೋಡಿ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತದೆ. ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು ಅಂತ ಕೂಡಿಸಿದರೆ ಹಲ್ಲಿನ ಸಂಖ್ಯೆ ಸರಿಯಿದ್ದರೂ ಕೂಗು ನಿಲ್ಲುವುದಿಲ್ಲ. ನಲವತ್ತರ ವೇಗದಲ್ಲಿ ಒಂದು ಉದ್ದನೆಯ ಕೂಗು, ಆಕ್ಸಿಲರೇಟರ್ ಬಿಟ್ಟರೆ ಸ್ವರ ಬದಲಾಗುತ್ತದೆ. ಆ ಕೂಗು ಕೇಳಿದರೆ ಒಳಗೆ ಹಲ್ಲು ತಿನ್ನುತ್ತಿದೆ ಅಂತಲೇ ಅರ್ಥ.

ಇನ್ನೊಂದು ಮಿತಿ ಇದೆ. ಹೌಸಿಂಗ್ ಅಷ್ಟೇ ಅಗಲ, ಕ್ರೌನಿನ ಗಾತ್ರ ಅದಕ್ಕಿಂತ ಹಿಗ್ಗುವಂತಿಲ್ಲ. ಹಾಗಾಗಿ ಅನುಪಾತ ಏರಿದಷ್ಟೂ ಪಿನಿಯನ್ ತೆಳ್ಳಗಾಗುತ್ತದೆ. 5.38ರ ಪಿನಿಯನ್ನನ್ನು 4.88ರ ಪಕ್ಕ ಮೇಜಿನ ಮೇಲೆ ಇಟ್ಟು ನೋಡಿ, ಬರಿಗಣ್ಣಿಗೆ ಕಾಣುತ್ತದೆ. ಎಳೆತ ಹೆಚ್ಚು, ಪಿನಿಯನ್ ಸಣ್ಣದು, ಅದರ ಮುಂದೆ ಭಾರದ ಟೈರು. ಮರದ ದಿಮ್ಮಿ ಎಳೆಯುವ ಗಾಡಿಗೆ ಲೋ ಗೇರಿನಲ್ಲಿ ಒಮ್ಮೆಲೇ ಕ್ಲಚ್ ಬಿಡುವ ಡ್ರೈವರ್ ಇದ್ದರೆ ಈ ಬದಲಾವಣೆ ಮಾಡಿಸಬೇಡಿ ಅಂತಲೇ ನಾನು ಹೇಳುವುದು. ಅಂಥವರಿಗೆ ದೊಡ್ಡ ಟೈರು ಇಳಿಸುವುದೇ ಅಗ್ಗ.

ಜೋಡಿಸುವಾಗ ಅವಸರ ಬೇಡ. ಪಿನಿಯನ್ ಆಳಕ್ಕೆ ಒಂದು ಶಿಮ್, ಬೇರಿಂಗ್ ಬಿಗಿತಕ್ಕೆ ಒಂದು, ಎರಡು ಹಲ್ಲಿನ ನಡುವಿನ ಸಡಿಲಕ್ಕೆ ಕ್ರೌನಿನ ಪಕ್ಕ ಇನ್ನೊಂದು. ಹಲ್ಲಿಗೆ ಬಣ್ಣ ಸವರಿ ತಿರುಗಿಸಿ, ಹಲ್ಲಿನ ನಟ್ಟನಡುವೆ ಗುರುತು ಬೀಳಬೇಕು. ತುದಿಗೆ ಬಿದ್ದರೆ ಬಿಚ್ಚಿ, ಶಿಮ್ ಬದಲಾಯಿಸಿ, ಮತ್ತೆ ಬಣ್ಣ. ಅರ್ಧ ದಿನದ ಕೆಲಸ ಒಂದೂವರೆ ದಿನವಾಗುವುದು ಇಲ್ಲಿ. "ಬೇಗ ಕೊಡು" ಅನ್ನುವ ಗಿರಾಕಿಗೆ ನಾನು ಕಾಫಿ ಕೊಡುತ್ತೇನೆ, ಗಾಡಿ ಕೊಡುವುದಿಲ್ಲ.

11. ಹೊಸ ಕ್ರೌನಿನ ಮೊದಲ ಐನೂರು ಕಿಲೋಮೀಟರು

ಹೌಸಿಂಗಿಗೆ ಇಪಿ 90 ಗೇರ್ ಆಯಿಲ್, ಜಿಎಲ್-5 ಅಂತ ಡಬ್ಬಿಯ ಮೇಲೆ ಬರೆದಿರುವುದು. ಮೊದಲ ಸಲ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ಖಾಲಿ ಗಾಡಿ ಓಡಿಸಿ ನಿಲ್ಲಿಸಿ, ಹೌಸಿಂಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿ ಹೆಚ್ಚಾಗಿದೆ. ಆರಿದ ಮೇಲೆ ಮತ್ತೆ ಓಡಿಸಿ. ಐನೂರು ಕಿಲೋಮೀಟರುವರೆಗೆ ಟ್ರೇಲರ್ ಬೇಡ, ಘಟ್ಟದಲ್ಲಿ ತುಂಬಿದ ಲೋಡ್ ಬೇಡ. ಆಮೇಲೆ ಆಯಿಲ್ ಇಳಿಸಿ. ಡ್ರೈನ್ ಪ್ಲಗ್ಗಿಗೆ ಅಂಟಿದ ಪುಡಿಯನ್ನು ಬೆರಳ ಮೇಲೆ ತೆಗೆದುಕೊಂಡು ಉಜ್ಜಿ. ಗ್ರೀಸಿನಂತೆ ನುಣ್ಣಗಿದ್ದರೆ ಹಲ್ಲು ಹೊಂದಿಕೊಳ್ಳುತ್ತಿವೆ, ಹೊಸ ಆಯಿಲ್ ತುಂಬಿ ಗಾಡಿ ತೆಗೆದುಕೊಂಡು ಹೋಗಿ. ಚೂರು ಚುಚ್ಚಿದರೆ ಗಾಡಿಯನ್ನು ಅಲ್ಲೇ ಬಿಡಿ, ಕವರ್ ತೆಗೆದು ನೋಡಬೇಕು.